ತಂದೆಯವರ ರಕ್ತಸ್ರಾವ ಮತ್ತು ನಿಮ್ಮ ವೀಸಾ ಪ್ರಶ್ನೆ

ಚಿಂತಾಮಣಿ ಕಡೆಯಿಂದ ಲೀಡ್ಸ್‌ಗೆ ಹೊಸದಾಗಿ ಬಂದಿರುವ ನೀವು, ಹಿಮೋಗ್ಲೋಬಿನ್ ಪದೇ ಪದೇ ಇಳಿಯುತ್ತಿರುವ 71 ವರ್ಷದ ತಂದೆಯವರನ್ನು ಸಂದರ್ಶಕ ವೀಸಾದಲ್ಲಿ ಕರೆಸಿ ಇಲ್ಲಿಯೇ ತೋರಿಸಬಹುದೇ ಎಂದು ಕೇಳಿದ್ದೀರಿ. ಮುಳಬಾಗಿಲಿನಲ್ಲಿದ್ದ ನನ್ನ ತಾಯಿಗೂ ಇದೇ ತೊಂದರೆಯಿತ್ತು. ಕಾರಣ ತಿಳಿಯುವವರೆಗೆ ದಯವಿಟ್ಟು ಅವರನ್ನು ವಿಮಾನ ಹತ್ತಿಸಬೇಡಿ.

ಇಂಗ್ಲೆಂಡಿನಲ್ಲಿ ಸಂದರ್ಶಕರಿಗೆ ತುರ್ತು ವಿಭಾಗದ ಚಿಕಿತ್ಸೆ ಉಚಿತವಾದರೂ, ವಾರ್ಡಿಗೆ ದಾಖಲಾದ ಮೇಲೆ ಸರ್ಕಾರಿ ದರದ ಶೇ. 150ರಷ್ಟು ಹಣ ಕಟ್ಟಬೇಕಾಗುತ್ತದೆ. ಕೆಲಸದ ವೀಸಾಕ್ಕೆ ನೀವು ವರ್ಷಕ್ಕೆ 1,035 ಪೌಂಡ್‌ನಂತೆ ಕಟ್ಟಿರುವ ಆರೋಗ್ಯ ಶುಲ್ಕ ಅವರಿಗೆ ಅನ್ವಯಿಸುವುದಿಲ್ಲ.

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಉಷ್ಣವೆಂದೋ ಮೂಲವ್ಯಾಧಿಯೆಂದೋ ಹೇಳಿ ಮಜ್ಜಿಗೆ ಕುಡಿಸುತ್ತಾರೆ. ತಾಯಿಗೆ ಒಂದು ಆಸ್ಪತ್ರೆಯಲ್ಲಿ ಎಂಟು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟು, ಎರಡು ಬಾರಿ ರಕ್ತ ಏರಿಸಿ ಕಳುಹಿಸಿದರೇ ಹೊರತು, ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಲಿಲ್ಲ. ಅದು ನನಗೆ ಇಂದಿಗೂ ನೋವು. ಕೊನೆಗೆ ಬೆಂಗಳೂರಿನಲ್ಲಿ ಪತ್ತೆಯಾದದ್ದು ಆಂಜಿಯೋಡಿಸ್‌ಪ್ಲೇಸಿಯಾ: ವಯಸ್ಸಾದಂತೆ ಕರುಳಿನ ಒಳಪದರದ ಸಣ್ಣ ರಕ್ತನಾಳಗಳು ಹಿಗ್ಗಿ, ಗೋಡೆ ತೆಳುವಾಗಿ, ನೋವೇ ಇಲ್ಲದೆ ಬಿಟ್ಟು ಬಿಟ್ಟು ರಕ್ತ ಒಸರುವ ಸ್ಥಿತಿ. ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ಇದು ಹೆಚ್ಚು. ಸಣ್ಣ ಕರುಳಿನಲ್ಲಿದ್ದರೆ ಮೇಲಿನಿಂದ ಮತ್ತು ಕೆಳಗಿನಿಂದ ಮಾಡಿದ ಎಂಡೋಸ್ಕೋಪಿಗಳೆರಡೂ ಸರಿಯಾಗಿವೆ ಎಂದೇ ವರದಿ ಬರಬಹುದು. ಆಗ ನುಂಗುವ ಕ್ಯಾಮೆರಾ, ಅಂದರೆ ಕ್ಯಾಪ್ಸೂಲ್ ಎಂಡೋಸ್ಕೋಪಿ, ಮಾಡಿಸುವಂತೆ ಕೇಳಲು ಸಂಕೋಚಪಡಬೇಡಿ. ಸಿಕ್ಕ ಜಾಗವನ್ನು ಆರ್ಗಾನ್ ಅನಿಲದ ಶಾಖದಿಂದ ಸುಟ್ಟು ಮುಚ್ಚುತ್ತಾರೆ, ಆದರೆ ಬೇರೆಡೆ ಮತ್ತೆ ಸೋರಬಹುದು.

ಹೃದಯದ ಎಕೋ, ಅಂದರೆ ಅಲ್ಟ್ರಾಸೌಂಡ್ ಪರೀಕ್ಷೆ, ಕೂಡ ಮರೆಯಬೇಡಿ. ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಮಹಾಪಧಮನಿಯ ಕವಾಟ ಕಿರಿದಾದವರಲ್ಲಿ ಇಂಥ ರಕ್ತಸ್ರಾವ ಕಾಣುವುದನ್ನು 1958ರಲ್ಲಿ ಹೈಡ್ ಎಂಬ ವೈದ್ಯರು ಗುರುತಿಸಿದರು. ಇಕ್ಕಟ್ಟಾದ ಕವಾಟದಲ್ಲಿ ರಕ್ತ ರಭಸವಾಗಿ ನುಗ್ಗುವಾಗ, ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಪ್ರೋಟೀನಿನ ದೊಡ್ಡ ಅಣುಗಳು ತುಂಡಾಗುತ್ತವೆ. ಕವಾಟ ಬದಲಿಸಿದ ಮೇಲೆ ಅನೇಕರಿಗೆ ಕರುಳಿನ ಸ್ರಾವವೂ ನಿಲ್ಲುತ್ತದೆ. ತಾಯಿಗೆ ಹಾಗೆಯೇ ಆಯಿತು.

ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಟಾರಿನಂತೆ ಅಂಟಾಗಿ, ಕೆಟ್ಟ ವಾಸನೆಯಿದ್ದರೆ, ಅಥವಾ ರಕ್ತ ವಾಂತಿಯಾದರೆ, ತಲೆ ಸುತ್ತಿ ಕುಸಿದರೆ ಮನೆಯವರು ತಡಮಾಡದೆ 108ಕ್ಕೆ ಕರೆ ಮಾಡಲಿ. ಹೊಟ್ಟೆಯ ದೊಡ್ಡ ರಕ್ತನಾಳ ಒಡೆದಿದ್ದರೆ ಜೀವ ಉಳಿಸಲು ಕೆಲವು ಗಂಟೆಗಳೂ ಸಿಗದೇ ಇರಬಹುದು. ಅವರು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ, ಹಳೆಯ ಕಾಯಿಲೆಯನ್ನೂ ಸೇರಿಸಿಕೊಳ್ಳುವ ವಿಮೆ ಮಾಡಿಸಿ, ವರದಿಗಳನ್ನೆಲ್ಲ ಕೈಚೀಲದಲ್ಲಿಟ್ಟು ಅವರನ್ನು ಕರೆತನ್ನಿ.