ತಮ್ಮ ಫಾದರ್ ಆಗಲಿ, ಮೊದಲು ಸಾಲದ ವಿಷಯ ಬಾಯಿಬಿಡಲಿ

ಈ ವಾರ ಉತ್ತರ ಬರೆಯಬೇಕು ಅಂತ ಬೇರೆ ಪತ್ರಗಳನ್ನು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನಮ್ಮ ಕಾಸರಗೋಡಿನ ಬೇಳ ಕಡೆಯಿಂದ ಇದೊಂದು ಬಂತು. ಓದಿದ ಮೇಲೆ ಉಳಿದವನ್ನೆಲ್ಲ ಬದಿಗಿಟ್ಟೆ. ತವರಲ್ಲೇ ಉಳಿದು ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳ ಸುದ್ದಿ ಬಂದರೆ ನನಗೆ ಸುಮ್ನೆ ಕೂತುಕೊಳ್ಳಲು ಆಗುವುದಿಲ್ಲ. ಈ ಅಂಕಣ ಓದುವವರಿಗೆ ಅದು ಹೊಸದಲ್ಲ.

ಬರೆದವರಿಗೆ 31 ವರ್ಷ. ಕನ್ನಡ ಶಾಲೆಯಲ್ಲಿ ದಿನಗೂಲಿ ಟೀಚರ್. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಪಾಠ ಕನ್ನಡದಲ್ಲಿ, ಪಂಚಾಯತ್ ಆಫೀಸಿಗೆ ಹೋದರೆ ಮಲಯಾಳ. ನಮ್ಮ ಕಾಸರಗೋಡಿನ ಎಲ್ಲರ ಹಾಗೆ. ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ ಬಿದ್ದಿದೆ. ಅಮ್ಮನಿಗೆ ಮಂಡಿನೋವು. ಸ್ವಲ್ಪ ಅಡಿಕೆ ತೋಟ ಇದೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಜನ ಹುಡುಕುವುದೂ ಇವರೇ. ದೊಡ್ಡಣ್ಣ ಕುವೈತಿನಲ್ಲಿದ್ದಾರೆ. ತಮ್ಮನಿಗೆ 27. ಮಂಗಳೂರಿನಲ್ಲಿ ಎಂ.ಎಸ್ಸಿ., ಬಿ.ಎಡ್. ಮಾಡಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾನೆ. ಕಳೆದ ಬೇಸಿಗೆ ರಜೆಯಲ್ಲಿ ರಾಯಚೂರು ಕಡೆಯ ಒಂದು ಮಿಶನ್ ಹಾಸ್ಟೆಲಿಗೆ ಮಕ್ಕಳಿಗೆ ಪಾಠ ಹೇಳಲು ಹೋದವನು, ವಾಪಸು ಬಂದು ಚಾವಡಿಯಲ್ಲಿ ಕೂತು, ನಾನು ಯೇಸುಸಭೆ (ಜೆಸುಯಿಟ್ ಫಾದರ್‌ಗಳ ಸಭೆ) ಸೇರುತ್ತೇನೆ, ಮಿಶನ್ ಶಾಲೆಗಳಲ್ಲೇ ಕೆಲಸ ಮಾಡುತ್ತೇನೆ ಅಂದನಂತೆ. ಬರುವ ಜೂನಿಗೆ ಹೊರಡುವುದು. ಅಮ್ಮ ಅತ್ತರು, ಖುಷಿಗೆ. ಇಗರ್ಜಿಯ ವಾರ್ಡಿನ ಮುಖಂಡರು, ಅಂದರೆ ಗುರ್ಕಾರರು, ಮನೆಗೆ ಬಂದು ಕೈಕುಲುಕಿ ಹೋದರು. ಕುವೈತಿನ ಅಣ್ಣ ತಮ್ಮನ ಫೋಟೋವನ್ನು ವಾಟ್ಸಾಪ್ ಸ್ಟೇಟಸಿಗೆ ಹಾಕಿದರು. ಇವರೊಬ್ಬರಿಗೆ ಮಾತ್ರ ಸಂತೋಷ ಆಗಲಿಲ್ಲ. "ದೇವರು ಕರೆದವನಿಗೆ ನಾನು ಅಡ್ಡ ನಿಲ್ಲುತ್ತಿದ್ದೇನಾ? ನಾನು ಪಾಪಿಯಾ?" ಅಂತ ಕೇಳಿದ್ದಾರೆ.

ಪತ್ರದ ತುಂಬ ಇದೇ. ಪಾಪ, ಕರೆ, ತ್ಯಾಗ, ಹೊಟ್ಟೆಕಿಚ್ಚು. ನಡುವೆ ಎಲ್ಲೋ ಒಂದು ಕಡೆ, ಕಂಸದ ಒಳಗೆ, ಒಂದೇ ಒಂದು ಸಾಲು: "ಅವನ ಎಜುಕೇಶನ್ ಲೋನ್ ಇನ್ನೂ 4 ಲಕ್ಷದಷ್ಟು ಉಂಟು, ಅಜ್ಜಿ ಕೊಟ್ಟ 20 ಸೆಂಟ್ಸ್ ಜಾಗ ನನ್ನ ಹೆಸರಲ್ಲಿ ಇದ್ದ ಕಾರಣ ಜಾಮೀನು ಸಹಿ ನಾನೇ ಹಾಕಿದ್ದು, ಅದು ಇರಲಿ."

ಅದು ಇರಲಿ ಅಂದ್ರೆ ಎಂಥದ್ದು ಮಾರಾಯ್ರೇ? ಅದೇ ಅಲ್ವಾ ಇಡೀ ವಿಷಯ!

ನೀವು ಪಾಪಿಯಲ್ಲ. ಹೊಟ್ಟೆಕಿಚ್ಚೂ ಅಲ್ಲ. ನಿಮಗೆ ಹೆದರಿಕೆ ಆಗಿದೆ, ಆಗಬೇಕಾದ್ದೇ. ಸಾಲಗಾರ ಕಟ್ಟದೆ ಇದ್ದರೆ ಬ್ಯಾಂಕಿನವರು ಜಾಮೀನುದಾರರ ಬಾಗಿಲಿಗೆ ಬರುತ್ತಾರೆ. 1872ರ ಕಾಂಟ್ರಾಕ್ಟ್ ಕಾಯ್ದೆಯ 128ನೇ ಸೆಕ್ಷನ್ ಹೇಳುವುದು ಅದನ್ನೇ, ಬೇರೆ ಒಪ್ಪಂದ ಇಲ್ಲದಿದ್ದರೆ ಸಾಲ ತೆಗೆದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ ಹೊಣೆ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರೂ ಕೆಳಗೆ ಹೋಗುತ್ತದೆ, ನಾಳೆ ನೀವೇ ಒಂದು ಮನೆ ಕಟ್ಟಲು ಸಾಲ ಕೇಳಿದರೆ ಆ ಬ್ಯಾಂಕಿನವರೇ ಮುಖ ತಿರುಗಿಸುತ್ತಾರೆ. ಈಗ ತಮ್ಮ ಸಂಬಳದಲ್ಲಿ ತಿಂಗಳು ತಿಂಗಳು ಕಟ್ಟುತ್ತಿದ್ದಾನೆ ಅಂತ ಬರೆದಿದ್ದೀರಿ. ಸರಿ. ಜೂನಿನಿಂದ ಸಂಬಳ ಇಲ್ಲ. ಜುಲೈ ತಿಂಗಳ ಕಂತು ಯಾರು ಕಟ್ಟುವುದು? ಚಾವಡಿಯಲ್ಲಿ ಕೂತ ಅಷ್ಟು ಜನರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ. ಆ ದಿನ ನೀವೂ ಕೇಳಲಿಲ್ಲ. ಕಂಸದ ಒಳಗೆ ಬರೆದು ನನಗೆ ಕಳಿಸಿದಿರಿ.

ಇನ್ನು ನಿಮ್ಮ ಅಪ್ಪ. "ಫಾದರ್ ಆದರೂ ಶಾಲೆಯಲ್ಲಿ ಟೀಚರ್ ಅಲ್ವಾ, ಸಂಬಳ ಬರ್ತದೆ, ಸಾಲ ಮೆಲ್ಲ ತೀರಿಸ್ತಾನೆ" ಅಂತ ಅವರು ಹೇಳಿದರಂತೆ. ಅಯ್ಯೋ ದೇವರೇ. ಈ ತಪ್ಪು ತಿಳುವಳಿಕೆ ನಮ್ಮ ಕಡೆ ತುಂಬ ಮನೆಗಳಲ್ಲಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಕ್ರೈಸ್ತಳಲ್ಲ, ಆದರೆ ಫಾದರ್‌ಗಳ ಶಾಲೆಯಲ್ಲೇ ಓದಿದವಳು.

ಫಾದರ್‌ಗಳಲ್ಲಿ ಎರಡು ಬಗೆ. ನಿಮ್ಮ ಇಗರ್ಜಿಯಲ್ಲಿ ಪೂಜೆ ಹೇಳುವ ವಿಗಾರರು ಸಾಮಾನ್ಯವಾಗಿ ಧರ್ಮಪ್ರಾಂತ್ಯಕ್ಕೆ ಸೇರಿದವರು, ಅಂದರೆ ಮಂಗಳೂರು ಬಿಷಪರ ಕೆಳಗೆ ಕೆಲಸ ಮಾಡುವವರು. ಅವರು ಮದುವೆಯಾಗುವುದಿಲ್ಲ, ಬಿಷಪರ ಮಾತು ಕೇಳುತ್ತೇನೆ ಅಂತ ಮಾತು ಕೊಟ್ಟಿರುತ್ತಾರೆ, ಆದರೆ ಬಡತನದ ವ್ರತ ತೆಗೆದುಕೊಂಡಿರುವುದಿಲ್ಲ. ಅವರ ಹೆಸರಲ್ಲಿ ಜಾಗ ಇರಬಹುದು, ಬ್ಯಾಂಕಿನಲ್ಲಿ ಸ್ವಂತ ದುಡ್ಡು ಇರಬಹುದು. ಯೇಸುಸಭೆಯಂಥ ಸಭೆಗಳಿಗೆ ಸೇರುವವರ ದಾರಿ ಬೇರೆ. ಅವರದು ಬಡತನ, ಬ್ರಹ್ಮಚರ್ಯ, ವಿಧೇಯತೆ, ಮೂರೂ ವ್ರತ. ಅವರು ದುಡಿದದ್ದೆಲ್ಲ ಸಭೆಗೆ. ಸಂಬಳ ಸಭೆಗೆ, ಪಿಂಚಣಿಯೂ ಸಭೆಗೆ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ, ಅಂದರೆ 1983ರ ಕ್ಯಾನನ್ ಕಾನೂನಿನಲ್ಲಿ, 668ನೇ ನಿಯಮ ಅಂತ ಬರೆದೇ ಇಟ್ಟಿದ್ದಾರೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಫಾದರ್, ಸಿಸ್ಟರ್‌ಗಳ ಸಂಬಳದಲ್ಲಿ ಮೊದಲೇ ತೆರಿಗೆ (ಟಿ.ಡಿ.ಎಸ್.) ಹಿಡಿಯಬಾರದು ಅಂತ ಕೇರಳ, ತಮಿಳುನಾಡಿನಿಂದ ಸುಪ್ರೀಂ ಕೋರ್ಟಿನವರೆಗೆ ಕೇಸು ಹೋಗಿತ್ತು, ನೆನಪಿದೆಯಾ? ಅಲ್ಲಿ ಅವರ ಕಡೆಯ ವಾದವೇ ಇದು, ಬಡತನದ ವ್ರತ ತೆಗೆದುಕೊಂಡವರು ನಾವು, ಸಂಬಳ ನಮಗೆ ಉಳಿಯುವುದಿಲ್ಲ, ಸಭೆಗೆ ಹೋಗುತ್ತದೆ ಅಂತ. 2024ರ ನವೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ, ತೆರಿಗೆ ಹಿಡಿಯಬೇಕು ಅಂದಿತು. ತೆರಿಗೆ ಹೋಗಿ ಉಳಿದದ್ದು ಸಭೆಗೆ. ಬೇಳಕ್ಕೆ ಬರುವುದು ಏನೂ ಇಲ್ಲ. ಇದನ್ನು ಅಪ್ಪನಿಗೆ ಈಗಲೇ ಹೇಳಿಬಿಡಿ. ಬೇಜಾರಾಗಲಿ, ಪರವಾಗಿಲ್ಲ.

ಅದೂ ಫಾದರ್ ಆದ ಮೇಲಿನ ಮಾತು. ಮೊದಲು ಎರಡು ವರ್ಷ ನೊವಿಶಿಯೇಟ್, ಅವನಿಗೂ ಸಭೆಗೂ ಒಗ್ಗುತ್ತದಾ ಅಂತ ಎರಡೂ ಕಡೆಯವರು ನೋಡುವ ಕಾಲ. ಮನೆಗೆ ಬಂದು ಹೋಗುವುದು ತುಂಬ ಕಮ್ಮಿ, ಕೈಯಲ್ಲಿ ಫೋನ್ ಇರುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಆಮೇಲೆ ವ್ರತ. ಆಮೇಲೆ ತತ್ವಶಾಸ್ತ್ರ ಓದು, ಎರಡು ವರ್ಷದಷ್ಟು ಯಾವುದಾದರೂ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ದುಡಿಮೆ, ಅದಕ್ಕೆ ಅವರು ರೀಜೆನ್ಸಿ ಅನ್ನುತ್ತಾರೆ, ನಿಮ್ಮ ತಮ್ಮನ ಮನಸ್ಸಿರುವುದು ಬಹುಶಃ ಅಲ್ಲೇ. ಮತ್ತೆ ದೇವಶಾಸ್ತ್ರ. ಆಮೇಲೆ ಗುರುದೀಕ್ಷೆ, ಅಂದರೆ ಫಾದರ್ ಆಗುವುದು. ಡಿಗ್ರಿ ಮುಗಿಸಿ ಹೋದವನಿಗೂ ಹತ್ತು ವರ್ಷದ ಹತ್ತಿರ ಹತ್ತಿರ ಹಿಡಿಯುತ್ತದೆ. ಅಷ್ಟು ವರ್ಷ ಬ್ಯಾಂಕು ಕಾಯುವುದಿಲ್ಲ.

ಈಗ ನಿಮಗೆ ಒಂದು ಒಳ್ಳೆ ಸುದ್ದಿ. ನಿಮ್ಮ ಧರ್ಮಸಭೆಯ ಕಾನೂನು ನಿಮ್ಮ ಕಡೆಗೇ ಇದೆ. ಅದೇ ಕ್ಯಾನನ್ ಕಾನೂನಿನ 644ನೇ ನಿಯಮ ನೋಡಿ. ತೀರಿಸಲಾಗದ ಸಾಲ ತಲೆ ಮೇಲಿರುವವನನ್ನು ನೊವಿಶಿಯೇಟಿಗೆ ಸೇರಿಸಿಕೊಳ್ಳಬಾರದು ಅಂತ ಸ್ಪಷ್ಟವಾಗಿ ಇದೆ. ಇದಕ್ಕೆ ಹಿಂದಿನ ನಿಯಮದಲ್ಲಿ ಉಳಿದ ಷರತ್ತುಗಳು, 17 ವರ್ಷ ತುಂಬಿರಬೇಕು, ಮದುವೆಯ ಬಂಧ ಇರಬಾರದು, ಬಲವಂತಕ್ಕೋ ಹೆದರಿಕೆಗೋ ಬಂದಿರಬಾರದು, ಹೀಗೆ. ಸಾಲದ ಮಾತನ್ನು ಅದರ ಪಕ್ಕದಲ್ಲೇ ಇಟ್ಟಿದ್ದಾರೆ ನೋಡಿ. ಆ ನಿಯಮ ಬರೆದವರಿಗೆ ಮನೆ ಅಂದರೆ ಏನು ಅಂತ ಗೊತ್ತಿತ್ತು. ಒಬ್ಬ ಹುಡುಗ ಎಲ್ಲ ಬಿಟ್ಟು ಬಂದೆ ಅನ್ನುವಾಗ, ಆ ಬಿಟ್ಟದ್ದನ್ನು ಹಿಂದೆ ಯಾರೋ ಹೊತ್ತುಕೊಂಡಿರುತ್ತಾರೆ ಅಂತ.

ಹಾಗಂತ ನಿಮ್ಮ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಆ ಹುಡುಗ ಇಷ್ಟವೇ ಆದ. ಗಣಿತದ ಎಂ.ಎಸ್ಸಿ. ಇಟ್ಟುಕೊಂಡು ಬೆಂಗಳೂರಿಗೆ ಓಡದೆ, ಬಿಸಿಲಿಗೆ ರಾಯಚೂರು ಕಡೆ ಹೋಗಿ, ಮನೆಯಲ್ಲಿ ಮೊದಲ ಸಲ ಪೆನ್ಸಿಲ್ ಹಿಡಿದ ಮಕ್ಕಳಿಗೆ ಭಾಗಾಕಾರ ಕಲಿಸಿದ್ದಾನೆ. ಅದರ ರುಚಿ ಹತ್ತಿದವನನ್ನು ಹಿಡಿದು ನಿಲ್ಲಿಸಬಾರದು. ನಮ್ಮ ಈ ಮಂಗಳೂರು, ಕಾಸರಗೋಡು ಕಡೆಯ ಎಷ್ಟು ಜನ ಓದಿದ್ದು ಅಂಥವರಿಂದ. ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ಕ್ಕೆ. 1880ಕ್ಕೆ ಅಲೋಶಿಯಸ್ ಕಾಲೇಜು ಶುರು. ಅಲ್ಲಿ ಪಾಠ ಹೇಳುತ್ತಿದ್ದ ಜರ್ಮನಿಯ ಫಾದರ್ ಮುಲ್ಲರ್ ಅದೇ ವರ್ಷ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ತೊಡಗಿದರು, 1890ಕ್ಕೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಮಾಡಿದರು, 1910ರಲ್ಲಿ ಕಂಕನಾಡಿಯಲ್ಲೇ ತೀರಿಕೊಂಡರು. ನಿಮ್ಮ ಅಪ್ಪನಿಗೆ ಸ್ಟ್ರೋಕ್ ಆದ ರಾತ್ರಿ ಜೀಪಿನಲ್ಲಿ ಕರೆದುಕೊಂಡು ಹೋದದ್ದೂ ಅವರ ಹೆಸರಿನ ಆಸ್ಪತ್ರೆಗೇ ಅಂತ ಬರೆದಿದ್ದೀರಿ. ಆದರೆ ಮುಲ್ಲರ್ ಅವರ ತಂದೆ ತಾಯಿಯನ್ನು ಜರ್ಮನಿಯಲ್ಲಿ ಯಾರು ನೋಡಿಕೊಂಡರು ಅಂತ ನಾವು ಯಾರಾದರೂ ಕೇಳಿದ್ದೇವಾ? ಅಲ್ಲಿಯೂ ಒಬ್ಬರು ಅಕ್ಕನೋ ಅತ್ತಿಗೆಯೋ ಇದ್ದಿರಬಹುದು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ನನಗೆ ಸಿಟ್ಟು ಬಂದದ್ದು ಕುವೈತಿನವರ ಮೇಲೆ. ಹೌದು, ದೊಡ್ಡಣ್ಣ. ತಮ್ಮ ಹೊರಡುವ ಮೊದಲು ಇಗರ್ಜಿಯ ಹಾಲಿನಲ್ಲಿ ಇಡೀ ವಾರ್ಡಿನವರನ್ನು ಕರೆದು ಊಟ ಹಾಕಿಸುತ್ತಾರಂತೆ, ಹಂದಿ ಮಾಂಸ, ಸಣ್ಣಾ, ಬ್ರಾಸ್‌ಬ್ಯಾಂಡ್. ಮನೆಗೊಬ್ಬ ಫಾದರ್ ಅಂತ ಹೆಮ್ಮೆಯಂತೆ. ಆಮೇಲೆ ನೀವು ಸಾಲದ ಮಾತು ಎತ್ತಿದ್ದಕ್ಕೆ "ಅದೆಲ್ಲ ಈಗ ಮಾತಾಡಿದರೆ ಅವನ ಮನಸ್ಸು ಹಾಳಾಗ್ತದೆ, ನೀನು ಮನೆಯಲ್ಲೇ ಇದ್ದಿಯಲ್ಲ, ನೋಡಿಕೋ" ಅಂದರಂತೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಮನೆಯಲ್ಲೇ ಇದ್ದಿಯಲ್ಲ ಅಂದರೆ ಏನರ್ಥ? 2020ರಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಈಚೆಯೇ ಬಾಕಿಯಾದರಲ್ಲ, ಆಗ ಅಪ್ಪನ ಮಾತ್ರೆಗೆ ಪೊಲೀಸರ ಕೈಕಾಲು ಹಿಡಿದು ಪೇಟೆ ಸುತ್ತಿದವರು ನೀವು. ಅದನ್ನೂ ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆ ಊಟದ ಖರ್ಚಿನಲ್ಲಿ ಎಷ್ಟು ಕಂತು ಮುಗಿಯುತ್ತಿತ್ತು ಅಂತ ಅವರು ಲೆಕ್ಕ ಹಾಕಲಿ.

ಆ ಊಟ ಇನ್ನೊಂದು ಕಾರಣಕ್ಕೂ ಬೇಡ. ನೊವಿಶಿಯೇಟಿಗೆ ಹೋದವನು ಯಾವಾಗ ಬೇಕಾದರೂ ವಾಪಸು ಬರಬಹುದು, ಅದಕ್ಕೆ ಯಾರ ತಡೆಯೂ ಇಲ್ಲ. ಎಷ್ಟೋ ಹುಡುಗರು ಹೋಗಿ ನೋಡಿ, ಇದು ನನ್ನದಲ್ಲ ಅಂತ ಬರುತ್ತಾರೆ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಆದರೆ ಬ್ಯಾಂಡ್ ಬಾರಿಸಿ ಕಳಿಸಿಕೊಟ್ಟವನಿಗೆ ವಾಪಸು ಬರಲು ಮುಖ ಇರುತ್ತದಾ? ಊರಿಗೆ ಹೆದರಿ ಅಲ್ಲೇ ಉಳಿದರೆ ಅವನಿಗೂ ಸುಖ ಇಲ್ಲ, ಅವನ ಕೈಗೆ ಸಿಗುವ ಶಾಲೆಯ ಮಕ್ಕಳಿಗೂ ಇಲ್ಲ.

ಮತ್ತೆ ಒಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದ್ದು. ನೀವೂ ಟೀಚರ್. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಮಕ್ಕಳಿಗೆ ಪಾಠ ಹೇಳಲು ಹಾಕುತ್ತಾರೆ ಅಂತ ನಾವೆಲ್ಲ ಧರಣಿ ಕೂರುವ ಜಿಲ್ಲೆಯಲ್ಲಿ, ಕನ್ನಡ ಬರುವ ನೀವು ದಿನಗೂಲಿಗೆ ಪಾಠ ಮಾಡುತ್ತಿದ್ದೀರಿ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ನಿಮಗೆ ಯಾರಾದರೂ ಬಂದು ಕೈಕುಲುಕಿದರಾ? ಗುರ್ಕಾರರು ಕೈಕುಲುಕಿದ್ದರೆ ನನಗೆ ಬರೆಯಿರಿ, ಅವರ ಹೊಗಳಿಕೆಯನ್ನು ಇದೇ ಅಂಕಣದಲ್ಲಿ ಹಾಕುತ್ತೇನೆ.

ಈಗ ಏನು ಮಾಡಬೇಕು ಅಂತ. ನನ್ನ ಹಳೆ ರಾಗ ನಿಮಗೆ ಗೊತ್ತು: ಮನೆಯೊಳಗಿನ ಹಣದ ಮಾತು ಕಾಗದದ ಮೇಲೆ ಇರಬೇಕು. ನೀವು ಮಾಡಬೇಕಾದ್ದು ಒಂದೇ. ಈ ವಾರ ಬ್ಯಾಂಕಿಗೆ ಹೋಗಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿ, ತಮ್ಮನ ಕೈಗೆ ಕೊಟ್ಟು, "ಇದನ್ನು ಸಭೆಗೆ ಸೇರುವವರನ್ನು ನೋಡಿಕೊಳ್ಳುವ ವೊಕೇಶನ್ ಡೈರೆಕ್ಟರ್ ಫಾದರಿಗೆ ನೀನೇ ಹೋಗಿ ತೋರಿಸು, ಜಾಮೀನು ಅಕ್ಕನದ್ದು ಅಂತ ನಿನ್ನ ಬಾಯಲ್ಲೇ ಹೇಳು" ಅನ್ನಿ. ಅಷ್ಟೇ. ನೀವು ಫಾದರಿಗೆ ಫೋನ್ ಮಾಡಬೇಡಿ, ಪತ್ರ ಬರೆಯಬೇಡಿ, ಅಮ್ಮನ ಮೂಲಕ ಹೇಳಿಸಬೇಡಿ. ನಾಳೆ ಬಡತನದ ವ್ರತ ತೆಗೆದುಕೊಳ್ಳುವವನು ಇವತ್ತು ತನ್ನ ಸಾಲ ಎಷ್ಟು ಅಂತ ಹೇಳಲು ನಾಚಬಾರದು.

ಅವನು ಹೇಳಿದ ಮೇಲೆ ದಾರಿ ತಾನಾಗಿ ಬರುತ್ತದೆ. ಇನ್ನು ಎರಡು ಮೂರು ವರ್ಷ ದುಡಿದು ತೀರಿಸಿ ಬಾ ಅನ್ನಬಹುದು. ಅನ್ನಲಿ, ಕರೆ ನಿಜವಾದದ್ದಾದರೆ ಅದು ಹಳಸುವುದಿಲ್ಲ. ಯೇಸುಸಭೆ ಕಟ್ಟಿದ ಇಗ್ನೇಶಿಯಸ್ ಲೊಯೋಲಾ ಹುಟ್ಟಿದ್ದು 1491ರಲ್ಲಿ. ಮೂವತ್ತಮೂರರ ಪ್ರಾಯದಲ್ಲಿ ಬಾರ್ಸಿಲೋನಾದಲ್ಲಿ ಸಣ್ಣ ಹುಡುಗರ ಜೊತೆ ಲ್ಯಾಟಿನ್ ವ್ಯಾಕರಣ ಕಲಿಯಲು ಶುರುಮಾಡಿದವರು ಅವರು, ಗುರುದೀಕ್ಷೆ ಸಿಕ್ಕಿದ್ದು 1537ಕ್ಕೆ. ನಿಮ್ಮ ತಮ್ಮನಿಗೆ 27. ಎಂಥ ಅವಸರ? ಇಲ್ಲವಾದರೆ ಕುವೈತಿನ ಅಣ್ಣ ಊಟ ಬಿಟ್ಟು, ಒಂದೇ ಸಲಕ್ಕೆ ಸಾಲ ಕಟ್ಟಿ ಮುಗಿಸಿ, ಬ್ಯಾಂಕಿನಿಂದ ನೋ ಡ್ಯೂ ಸರ್ಟಿಫಿಕೇಟ್ ತರಿಸಿಕೊಡಲಿ. ನಾನು ಕಟ್ತೇನೆ ಅಂತ ಬಾಯಿಮಾತಿಗೆ ಹೇಳಿದರೆ ಒಪ್ಪಬೇಡಿ. ಸರ್ಟಿಫಿಕೇಟ್ ನಿಮ್ಮ ಕೈಗೆ ಬಂದ ಮೇಲೆ ತಮ್ಮ ಬ್ಯಾಗು ಕಟ್ಟಲಿ.

ಅಣ್ಣನ ಫೋನ್ ಬಂದೇ ಬರುತ್ತದೆ. ಬಂದಾಗ ಒಳಕೋಣೆಗೆ ಹೋಗಬೇಡಿ. ಚಾವಡಿಯಲ್ಲೇ, ಅಪ್ಪ ಅಮ್ಮ ತಮ್ಮ ಎಲ್ಲ ಕೂತಿರುವಾಗ, ಸ್ಪೀಕರಿಗೆ ಹಾಕಿ ಮಾತಾಡಿ.