ಗ್ಯಾಸ್ ಟ್ಯಾಂಕ್ ಒತ್ತಡ ತಡೆಯುತ್ತಾ ಅಂತ ಟೆಸ್ಟ್ ಮಾಡುವಾಗ ನೀರು ಯಾಕೆ ತುಂಬ್ತಾರೆ? ಗಾಳಿ ತುಂಬಿದರೆ ಏನಾಗುತ್ತೆ?

ಟ್ಯಾಂಕ್ ಒಡೆಯದಿದ್ದರೆ ಎರಡೂ ಒಂದೇ. ಒಡೆದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನೀರನ್ನು ಎಷ್ಟು ಒತ್ತಿದರೂ ಕುಗ್ಗುವುದು ತೀರಾ ಕಡಿಮೆ. 10 ಬಾರ್ ಒತ್ತಡದಲ್ಲಿ (ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು) ಒಂದು ಸಾವಿರ ಲೀಟರ್ ನೀರು ಕುಗ್ಗುವುದು ಸುಮಾರು ಅರ್ಧ ಲೀಟರ್ ಅಷ್ಟೇ. ಹಾಗಾಗಿ ವೆಲ್ಡಿಂಗ್ ಬಿರುಕು ಬಿಟ್ಟರೆ ಸ್ವಲ್ಪ ನೀರು ಚಿಮ್ಮಿ, ಒತ್ತಡ ತಟ್ಟನೆ ಇಳಿಯುತ್ತದೆ. ಗಾಳಿ ಹಾಗಲ್ಲ, ಸ್ಪ್ರಿಂಗ್ ಇದ್ದ ಹಾಗೆ. ಅದೇ ಟ್ಯಾಂಕಿನಲ್ಲಿ, ಅದೇ ಒತ್ತಡದಲ್ಲಿ ಸಾವಿರಾರು ಪಟ್ಟು ಜಾಸ್ತಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಒಡೆದರೆ ಅದು ಬಾಂಬ್, ಬೆಂಕಿಯೇ ಬೇಕಿಲ್ಲ. 2009ರಲ್ಲಿ ಶಾಂಘೈನ ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಟರ್ಮಿನಲ್‌ನಲ್ಲಿ ಗಾಳಿಯ ಒತ್ತಡದಿಂದ ಪೈಪ್‌ಲೈನ್ ಪರೀಕ್ಷೆ ಮಾಡುವಾಗ ಹೀಗೇ ಸ್ಫೋಟವಾಗಿ ಜೀವ ಹೋಯಿತು.

ನೀರು ತುಂಬಿದರೂ ಮೈಮರೆಯುವಂತಿಲ್ಲ. ಮೇಲಿನ ವೆಂಟ್ (ಗಾಳಿ ಹೋಗಿಬರುವ ಕಿಂಡಿ) ತೆರೆದು ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಅದು ಉಳಿದರೆ ಮತ್ತೆ ಅದೇ ಸ್ಪ್ರಿಂಗ್! ಟೆಸ್ಟ್ ಮುಗಿದ ಮೇಲೂ ವೆಂಟ್ ಮುಚ್ಚಿಟ್ಟು ನೀರು ಬಸಿದರೆ ಒಳಗೆ ನಿರ್ವಾತವಾಗಿ, ತೆಳು ಗೋಡೆಯ ದೊಡ್ಡ ಟ್ಯಾಂಕ್ ಖಾಲಿ ಡಬ್ಬಿಯಂತೆ ನಜ್ಜುಗುಜ್ಜಾಗುತ್ತದೆ.

ಕೆಲವು ಟ್ಯಾಂಕಿನ ಅಡಿಪಾಯ ನೀರಿನ ಭಾರ ತಡೆಯುವುದಿಲ್ಲ. ಅಲ್ಲಿ ಗಾಳಿಯೇ ಗತಿ. ಆಗ ಒತ್ತಡವನ್ನು ಹಂತ ಹಂತವಾಗಿ ಏರಿಸಿ, ಜನರನ್ನು ದೂರ ಕಳಿಸಬೇಕು. ಒತ್ತಡ ಇರುವಾಗಲೇ ಬೋಲ್ಟ್ ಬಿಗಿ ಮಾಡಲು ಹೋಗುವುದಂತೂ ಶುದ್ಧ ಹುಚ್ಚುತನ.