ಹಡಗಿನ ವಕೀಲರಾಗಲು ಕಾನೂನು ಗೊತ್ತಿದ್ದರೆ ಸಾಕಾ?

ಪ್ರಶ್ನೆ: ಕಾನೂನು ಪದವಿ ಮುಗಿಸಿದ್ದೇನೆ. ಹಡಗು ಮಾಲೀಕರ ಪರ ವಾದಿಸುವ ಕಚೇರಿ ಸೇರುವ ಆಸೆ ಇದೆ. ಆದರೆ ಹಡಗಿನ ಬಗ್ಗೆ ಏನೂ ತಿಳಿಯದು. ಕಾನೂನು ಚೆನ್ನಾಗಿ ಗೊತ್ತಿದ್ದರೆ ಸಾಕಾ?

ಉತ್ತರ: ಸಾಲದು. ಆದರೆ ಉಳಿದದ್ದನ್ನು ಖಂಡಿತ ಕಲಿಯಬಹುದು.

ಈ ಕ್ಷೇತ್ರದಲ್ಲಿ ಹಡಗಿನ ಮೇಲೆಯೇ ದಾವೆ ಹೂಡಬಹುದು. ಬಂದರಿನಲ್ಲೇ ಅದನ್ನು ಅರೆಸ್ಟ್ ಮಾಡಿಸಬಹುದು. ನಿಂತ ಹಡಗಿನಿಂದ ದಿನದಿನವೂ ನಷ್ಟ. ಹಾಗಾಗಿ ನಿಮ್ಮ ಮೊದಲ ಕೆಲಸ ವಾದ ಮಾಡುವುದಲ್ಲ, ಹಡಗನ್ನು ಬಿಡಿಸುವುದು. ಮಾಲೀಕರೇ ಸೇರಿ ಕಟ್ಟಿಕೊಂಡ ಪಿ ಅಂಡ್ ಐ ಕ್ಲಬ್ ಎಂಬ ವಿಮಾ ಸಂಘಗಳಿವೆ. ಸಾಮಾನ್ಯವಾಗಿ ಪರಿಹಾರದ ಹಣಕ್ಕೆ ತಾವು ಹೊಣೆ ಎಂದು ಅವು ಬರೆದುಕೊಡುವ ಭರವಸೆ ಪತ್ರದ ಮೇಲೆ ಹಡಗು ಹೊರಡುತ್ತದೆ. ಆ ಪತ್ರದಲ್ಲಿ ಎಷ್ಟು ಮೊತ್ತ, ಯಾವ ಕೋರ್ಟು ಎನ್ನುವುದನ್ನು ಅವಸರದಲ್ಲಿ ಒಪ್ಪಿಬಿಟ್ಟರೆ ಆಮೇಲೆ ತಿದ್ದುವುದು ಕಷ್ಟ.

ನನ್ನ ಪ್ರಕಾರ ಕೇಸಿನ ಹಣೆಬರಹ ನಿಜವಾಗಿ ತೀರ್ಮಾನವಾಗುವುದು ದಾಖಲೆಗಳಲ್ಲಿ. ಅಪಘಾತವಾದ ತಕ್ಷಣ ವಾಯೇಜ್ ಡೇಟಾ ರೆಕಾರ್ಡರ್‌ನಲ್ಲಿ, ಅಂದರೆ ಪ್ರಯಾಣದ ವಿವರಗಳನ್ನು ದಾಖಲಿಸುವ ಹಡಗಿನ ಯಂತ್ರದಲ್ಲಿ, ಇರುವುದನ್ನು ಉಳಿಸಿಕೊಳ್ಳಲು ಹೇಳಿ. ಹಳೆಯ ಯಂತ್ರಗಳು 12 ಗಂಟೆಯದ್ದನ್ನಷ್ಟೇ ಇಟ್ಟುಕೊಂಡು, ಅದರ ಮೇಲೆಯೇ ಮತ್ತೆ ಬರೆಯುತ್ತಾ ಹೋಗಬಲ್ಲವು. ಲಾಗ್‌ಬುಕ್ (ಹಡಗಿನ ದಿನಚರಿ ಪುಸ್ತಕ), ನಕ್ಷೆ, ಇಮೇಲ್ ಎಲ್ಲವನ್ನೂ ಇದ್ದ ಹಾಗೇ ಕಾಪಾಡಬೇಕು. ಲಾಗ್‌ಬುಕ್ಕನ್ನು ಆಮೇಲೆ 'ಸರಿಮಾಡುವ' ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. ಅದಕ್ಕಿಂತ ಮಾಲೀಕರನ್ನು ಮುಳುಗಿಸುವ ಕೆಲಸ ಇನ್ನೊಂದಿಲ್ಲ.

ಹಡಗಿನ ಜ್ಞಾನ ಏಕೆ ಬೇಕು ಅಂದರೆ, 'ಸಿಎಂಎ ಸಿಜಿಎಂ ಲಿಬ್ರಾ' ಪ್ರಕರಣ ನೋಡಿ. 2011ರಲ್ಲಿ ಚೀನಾದ ಶಿಯಾಮೆನ್ ಬಂದರಿನಿಂದ ಹೊರಡುವಾಗ ಈ ಹಡಗು ತಳ ತಾಗಿ ನಿಂತಿತು. ಗುರುತು ಮಾಡಿದ ಹಾದಿಯ ಹೊರಗೆ ನೀರಿನ ಆಳ ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಪ್ರಯಾಣದ ಯೋಜನೆಯಲ್ಲಿ ಅದನ್ನು ಯಾರೂ ಬರೆದುಕೊಂಡಿರಲಿಲ್ಲ. ಹಡಗು ನಡೆಸುವುದರಲ್ಲಿ ಸಿಬ್ಬಂದಿ ಮಾಡಿದ ತಪ್ಪಿಗೆ ಹೇಗ್ ನಿಯಮಗಳಲ್ಲಿ (ಹಡಗಿನ ಸರಕು ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು) ಮಾಲೀಕರಿಗೆ ವಿನಾಯಿತಿ ಇದೆ. ಮಾಲೀಕರು ಅದನ್ನೇ ನೆಚ್ಚಿಕೊಂಡರು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಯೋಜನೆಯಲ್ಲೇ ದೋಷವಿದ್ದುದರಿಂದ ಹೊರಡುವ ಮೊದಲೇ ಹಡಗು ಪ್ರಯಾಣಕ್ಕೆ ತಕ್ಕುದಾಗಿರಲಿಲ್ಲ, ಆ ಹೊಣೆಯನ್ನು ಸಿಬ್ಬಂದಿಯ ಮೇಲೆ ಹಾಕಿ ಮಾಲೀಕರು ಜಾರಿಕೊಳ್ಳುವಂತಿಲ್ಲ ಎಂದಿತು. ನಕ್ಷೆಯ ಮೇಲಿನ ಒಂದು ಟಿಪ್ಪಣಿ ಎಷ್ಟು ಮುಖ್ಯ ಅಲ್ವಾ?

ಹೊಣೆಗೆ ಮಿತಿ ಹಾಕುವ ಹಕ್ಕನ್ನೂ ಮರೆಯಬೇಡಿ. ಇದಕ್ಕೆಂದೇ ಇರುವ 1976ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ಟನ್ನೇಜ್ (ಗಾತ್ರದ ಅಳತೆ) ನೋಡಿ ಪರಿಹಾರದ ಗರಿಷ್ಠ ಮೊತ್ತ ಗೊತ್ತಾಗುತ್ತದೆ. ಮಾಲೀಕರೇ ಬೇಕೆಂತಲೇ, ಅಥವಾ ಇಂಥ ನಷ್ಟ ಆಗಬಹುದೆಂದು ಗೊತ್ತಿದ್ದೂ ಲೆಕ್ಕಿಸದೆ ನಡೆದುಕೊಂಡರೆ ಮಾತ್ರ ಆ ರಕ್ಷಣೆ ತಪ್ಪುತ್ತದೆ. ಆದ್ದರಿಂದ ಎದುರಿನ ವಕೀಲರು ಕ್ಯಾಪ್ಟನ್ ಬರೆದದ್ದರ ಜೊತೆಗೆ ಕಚೇರಿಯ ಪತ್ರಗಳನ್ನೂ ಕೆದಕುತ್ತಾರೆ. ನೀವು ಅವರಿಗಿಂತ ಮೊದಲು ಓದಿರಬೇಕು.

ಸದ್ಯಕ್ಕೆ, ನಿವೃತ್ತ ಕ್ಯಾಪ್ಟನ್ ಒಬ್ಬರನ್ನು ಹುಡುಕಿ. ಒಂದು ನಕ್ಷೆ, ಒಂದು ಲಾಗ್‌ಬುಕ್ ಓದುವುದನ್ನು ಅವರ ಪಕ್ಕ ಕೂತು ಕಲಿಯಿರಿ. ಸಂದರ್ಶನಕ್ಕೆ ಹೋಗುವ ಮೊದಲೇ ಇದನ್ನು ಶುರು ಮಾಡಿ.